ಮೂಡಣ ಕೂಟದ ಪಡುವಣ ಹುಡುಗಿಯರು

ಹಾರ್ಲೊ ಊರಿನಲ್ಲಿ ಸೈರನ್ ಕೂಗಿತೆಂದರೆ ಒಂದೋ ಯಾರದೋ ಗೋಧಿ ಹೊಲಕ್ಕೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿರಬೇಕು. ಆ ಬೇಸಿಗೆಯ ಬೆಳಿಗ್ಗೆ ಸೈರನ್ ಕೇಳಿದಾಗ ಗ್ಲೆನಾ ಓವರ್ಬಿ ಜಿಮ್‌ನಲ್ಲಿ ಏಣಿ ಹತ್ತಿ ವಾಲಿಬಾಲ್ ನೆಟ್ಟಿನ ಹಗ್ಗ ಬಿಗಿಯುತ್ತಿದ್ದಳು. ಫುಟ್‌ಬಾಲ್ ಶುರುವಾಗಲು ಇನ್ನೂ ದಿನವಿತ್ತು. ಹಾಗಾದರೆ ಬೆಂಕಿಯೇ ಸರಿ ಎಂದು ಏಣಿಯಿಂದ ಜಿಗಿದು ಹೊರಗೆ ಓಡಿದಳು.

ಬೆಂಕಿ ಎಲ್ಲೂ ಇರಲಿಲ್ಲ. ಅಗ್ನಿಶಾಮಕದವರ ಕೆಂಪು ಲಾರಿಯ ಮೇಲೆ ಕಾಲೇಜಿನ ಕ್ರೀಡಾ ನಿರ್ದೇಶಕ ಪ್ರೆಂಟಿಸ್ ಯೋಕಮ್ ಮದುವೆ ಗಂಡಿನ ಹಾಗೆ ನಿಂತು ಕೈಬೀಸುತ್ತಿದ್ದ. ಬ್ಯಾಂಕಿನವರು, ಕ್ಷೌರದ ಅಂಗಡಿಯವರು, ಟ್ರ್ಯಾಕ್ಟರ್ ಮಾರುವವರು ಎಲ್ಲ ಬೀದಿಗೆ ಬಂದಿದ್ದರು.

"ಗ್ಲೆನಾ! ಮೂಡಣ ಕೂಟದವರು ನಮ್ಮನ್ನ ಕರೆದಿದಾರೆ ಕಣೇ!" ಎಂದು ಪ್ರೆಂಟಿಸ್ ಲಾರಿಯ ಮೇಲಿಂದಲೇ ಕೂಗಿದ.

ಅಕ್ಕಪಕ್ಕದ ಕಾಲೇಜುಗಳು ಸೇರಿ ಒಂದು ಕೂಟ ಕಟ್ಟಿಕೊಂಡು ವರ್ಷವರ್ಷವೂ ತಮ್ಮತಮ್ಮಲ್ಲೇ ಆಡುವುದು ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಈಗ ಟಿವಿಯವರು ಹಣದ ಥೈಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಫುಟ್‌ಬಾಲ್ ಚೆನ್ನಾಗಿ ಆಡುವ ಕಾಲೇಜುಗಳು ಹಳೇ ನೆಂಟಸ್ತಿಕೆ ಕಡಿದುಕೊಂಡು, ಭೂಪಟವನ್ನು ಮಡಚಿ ಕಿಸೆಗಿಟ್ಟುಕೊಂಡು, ಹೆಚ್ಚು ಕೊಡುವ ಕಡೆಗೆ ಹೊರಟಿದ್ದವು. ಹಾರ್ಲೊಗೂ ಆ ಭಾಗ್ಯ ಬಂದಿತ್ತು. ಆ ಸಂಜೆ ಸಭೆಯಲ್ಲಿ ಪ್ರೆಂಟಿಸ್ "ಗಾಳಿ ಬಂದಾಗ ತೂರ್ಕೋಬೇಕು" ಎಂದಾಗ, ಗೋಧಿ ಬೆಳೆಯುವ ಜನ ಒಬ್ಬರೂ ಬಿಡದೆ ತಲೆಯಾಡಿಸಿದರು.

ಗ್ಲೆನಾ ಕೈಯೆತ್ತಿದಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವಳು ಹುಡುಗಿಯರ ವಾಲಿಬಾಲ್ ತಂಡದ ಕೋಚು. "ಫುಟ್‌ಬಾಲಿನವರು ಹೋಗ್ಲಿ, ಸಂತೋಷ. ನಮ್ಮ ಹುಡುಗೀರ ಗತಿ ಏನು?"

"ಅವರೂ ಬರ್ತಾರಲ್ಲ. ಎಲ್ಲಾ ಆಟಾನೂ ಮೂಡಣ ಕೂಟದಲ್ಲೇ."

"ಅಂದ್ರೆ ಎಲ್ಲೆಲ್ಲಿಗೆ?"

ಪ್ರೆಂಟಿಸ್ ಕತ್ತು ಕೆರೆದುಕೊಂಡ. "ನ್ಯೂಜೆರ್ಸಿ... ಫ್ಲಾರಿಡಾ... ಕೆರೊಲಿನಾ..." ಎಲ್ಲವೂ ದೇಶದ ಮೂಡಣ ತುದಿಯವು; ಹಾರ್ಲೊ ಇದ್ದದ್ದು ಪಡುವಣ ತುದಿಯಲ್ಲಿ.

"ವೆಂಡಲ್," ಎಂದು ಗ್ಲೆನಾ ಹಿಂದಿನ ಸಾಲಿನಲ್ಲಿ ಕೂತಿದ್ದ ತಂಡದ ಬಸ್ ಡ್ರೈವರನ ಕಡೆ ತಿರುಗಿದಳು, "ನ್ಯೂಜೆರ್ಸಿಗೆ ಎಷ್ಟು ಹೊತ್ತಿಗೆ ಹೊರಟ್ರೆ ಮ್ಯಾಚಿಗೆ ಸೇರ್ತೀವಪ್ಪಾ?"

"ಹೋದ ವಾರ ಹೊರಟಿದ್ರೆ ಸರಿಹೋಗ್ತಿತ್ತು ಕೋಚ್" ಎಂದ ವೆಂಡಲ್. ಸಭೆ ಬಿದ್ದುಬಿದ್ದು ನಕ್ಕಿತು. ಪ್ರೆಂಟಿಸನೂ ನಕ್ಕ. ಕೆಟ್ಟ ಮನುಷ್ಯನೇನಲ್ಲ ಅವನು. ಹಾರ್ಲೊದಲ್ಲೇ ಹುಟ್ಟಿ, ಮುಖಕ್ಕೆಲ್ಲ ಕಾಲೇಜಿನ ಬಣ್ಣವಾದ ಹಸಿರು ಬಳಿದುಕೊಂಡು ಕುಣಿದು ಬೆಳೆದವನು. ಗಾಡಿಗೆ ಫುಟ್‌ಬಾಲೆಂಬ ಎತ್ತು ಕಟ್ಟಿದ ಮೇಲೆ ಹಿಂದೆ ಕಟ್ಟಿದ ಕರುಗಳೂ ಅದೇ ದಾರಿಯಲ್ಲಿ ಓಡಬೇಕಾಗುತ್ತದೆ ಎನ್ನುವುದನ್ನು ಅವನು ಅಷ್ಟಾಗಿ ಯೋಚಿಸಿರಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆಯೇ ಟ್ಯಾಮ್ಸನ್‌ನಿಂದ ಫೋನು ಬಂತು. ರಾಜ್ಯದ ಗಡಿ ದಾಟಿ ಎರಡು ಗುಡ್ಡ ಹತ್ತಿಳಿದರೆ ಟ್ಯಾಮ್ಸನ್. ಅಲ್ಲಿನ ಕಾಲೇಜಿಗೂ ಹಾರ್ಲೊಗೂ ಅಜ್ಜಿಯರು ಉದ್ದಲಂಗ ಉಟ್ಟು ಆಡುತ್ತಿದ್ದ ಕಾಲದಿಂದ ಹಾವು ಮುಂಗುಸಿಯ ನಂಟು. ಅಲ್ಲಿನ ವಾಲಿಬಾಲ್ ಕೋಚು ರೊಸಾಲ್ಬಾ ಕಿಂಟಾನ. ಇಬ್ಬರೂ ಹುಡುಗಿಯರಾಗಿದ್ದಾಗ ನೆಟ್ಟಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಆಡಿದವರು. ಈಗ ಇಬ್ಬರ ತಲೆಯೂ ನರೆತಿತ್ತು. ಜಗಳ ಮಾತ್ರ ಹರೆಯದಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಟ್ಯಾಮ್ಸನ್ನನ್ನು ಯಾವ ಹೊಸ ಕೂಟದವರೂ ಕರೆದಿರಲಿಲ್ಲ, ಅದು ಹಳೇ ಕೂಟದಲ್ಲೇ ಉಳಿದಿತ್ತು. ಅಷ್ಟು ಸಣ್ಣ ಊರಿನಲ್ಲಿ ಟಿವಿಗಳೆಷ್ಟಿದ್ದಾವು, ನೋಡುವವರೆಷ್ಟಿದ್ದಾರು?

"ಏನಮ್ಮಾ ದೊಡ್ಡ ಮನೆ ಸೊಸೆ, ಇನ್ಮೇಲೆ ನಮ್ಮಂಥೋರ ಮನೆ ಹೊಸ್ತಿಲು ತುಳೀತೀಯೋ ಇಲ್ವೋ?" ಎಂದಳು ರೊಸಾಲ್ಬಾ.

"ತುಳಿದಾಗೆಲ್ಲ ಗೆದ್ದುಕೊಂಡೇ ಬಂದಿದೀನಲ್ಲ, ಅದಕ್ಕೇ ಬೇಜಾರಾಗಿ ದೂರ ಹೋಗ್ತಿದೀನಿ."

"ಹೋದ್ವರ್ಷ ಗೆದ್ದೋರು ಯಾರೇ?"

"ಅದು ನಿಮ್ಮ ಕುರುಡು ಅಂಪೈರ್ ಗೆದ್ದಿದ್ದು."

ಮಾಮೂಲಿನಂತೆ ಇದು ಇನ್ನೂ ಅರ್ಧ ಗಂಟೆ ನಡೆಯಬೇಕಿತ್ತು. ಆದರೆ ರೊಸಾಲ್ಬಾ ಯಾಕೋ ಅಲ್ಲಿಗೇ ಮುಗಿಸಿದಳು. "ಸರಿ ಕಣೇ, ಚೆನ್ನಾಗಿರು" ಎಂದು ಫೋನಿಟ್ಟಳು. ಆ ಒಳ್ಳೆಯ ಮಾತು ಗ್ಲೆನಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ.

ಹೊಸ ಕೂಟದ ಮೊದಲ ಹಂಗಾಮು ಶುರುವಾಯಿತು. ಹುಡುಗಿಯರು ವಿಮಾನ ನಿಲ್ದಾಣದ ನೆಲದ ಮೇಲೆ ಕಾಲುಚಾಚಿ ಕೂತು ಲ್ಯಾಪ್‌ಟಾಪಿನಲ್ಲಿ ರಸಾಯನಶಾಸ್ತ್ರದ ಪರೀಕ್ಷೆ ಬರೆದರು. ಹೊತ್ತು ಗೊತ್ತಿಲ್ಲದೆ ತಿಂದರು, ತಿನ್ನುವ ಹೊತ್ತಿನಲ್ಲಿ ತೂಕಡಿಸಿದರು. ಆಟದ ವೇಳೆ ಟಿವಿಯವರು ಹೇಳಿದ್ದೇ ವೇಳೆ. ನ್ಯೂಜೆರ್ಸಿಯಲ್ಲಿ ಮೈಕು ಹಿಡಿದವನು ಇವರನ್ನು "ಒಹಾಯೊದಿಂದ ಬಂದಿರುವ ಹಾರ್ಲೊ ತಂಡ" ಎಂದು ಸ್ವಾಗತಿಸಿದ; ಪಡುವಣ ತುದಿಯ ಹಾರ್ಲೊ ಅವನ ಬಾಯಲ್ಲಿ ಬೇರೆ ರಾಜ್ಯಕ್ಕೇ ಹಾರಿತ್ತು. ಇನ್ನೊಂದು ಕಡೆ ಜರ್ಸಿಯ ಹಸಿರು ನೋಡಿ ಬೇರೆ ಯಾವುದೋ ಕಾಲೇಜಿನ ಹಾಡು ನುಡಿಸಿದರು. ಒಂದು ಮ್ಯಾಚು ಟಿವಿಯಲ್ಲಿ ಬರುತ್ತದೆಂದು ಕೇಳಿ ಗ್ಲೆನಾಳ ಅಣ್ಣ ಆರ್ವಿಲ್ ನೆರೆಹೊರೆಯವರನ್ನೆಲ್ಲ ಮನೆಗೆ ಕರೆದಿದ್ದ. ಅದು ಯಾವ ಚಾನೆಲ್ಲೆಂದು ಯಾರಿಗೂ ಗೊತ್ತಾಗದೆ, ಎಲ್ಲರೂ ಟ್ರೌಟ್ ಮೀನು ಹಿಡಿಯುವ ಕಾರ್ಯಕ್ರಮ ನೋಡಿ, ತಂದಿದ್ದ ಕೇಕು ತಿಂದು ಎದ್ದುಹೋದರು.

ಒಳ್ಳೆಯದೇನೂ ಆಗಲಿಲ್ಲವೆಂದರೆ ಸುಳ್ಳಾದೀತು. ಜಿಮ್ಮಿಗೆ ಹೊಸ ಮರದ ನೆಲ ಬಂತು. ಕ್ಯಾಪ್ಟನ್ ಮ್ಯಾರಿಟ್ ಹಾಲ್ವರ್ಸನ್ ಗೋಧಿ ಹೊಲದ ನಡುವೆ ಬೆಳೆದ ಹುಡುಗಿ, ಸಮುದ್ರವನ್ನೇ ಕಂಡವಳಲ್ಲ. ಫ್ಲಾರಿಡಾದಲ್ಲಿ ಶೂ ಕೈಯಲ್ಲಿ ಹಿಡಿದು ಅಲೆಗಳಲ್ಲಿ ನಿಂತವಳು "ಕೋಚ್, ಇದು ನಮ್ಮ ಹೊಲದ ಥರಾನೇ ಇದೆ, ಬರೀ ಸದ್ದು ಜಾಸ್ತಿ" ಎಂದಾಗ ಗ್ಲೆನಾಳಿಗೂ ಖುಷಿಯಾಗಿತ್ತು. ಆದರೂ ಏನೋ ಒಂದು ಕೊರತೆ. ಗೆದ್ದರೂ ಸೋತರೂ ಅನ್ನಕ್ಕೆ ಉಪ್ಪು ಹಾಕದಂತೆ. ಈ ಹಂಗಾಮು ಮುಗಿಯುತ್ತಲೇ ಕೆಲಸ ಬಿಟ್ಟುಬಿಡೋಣವೆಂದು ಅವಳು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಿದ್ದಳು. ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ.

ನವೆಂಬರಿನ ಒಂದು ಶುಕ್ರವಾರ ತಂಡ ಕೆರೊಲಿನಾಗೆ ಹೊರಟಿತ್ತು. ಹತ್ತಿರದ ದೊಡ್ಡ ಊರಾದ ಸ್ಪೊಕೇನಿನ ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಮಂಜು ಇಳಿಯಿತು. ಅದರ ಬೆನ್ನಿಗೇ ಹಿಮಗಟ್ಟುವ ಮಳೆ. ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮೇಲಿನ ವಿಮಾನಗಳೆಲ್ಲ ಒಂದೊಂದಾಗಿ ರದ್ದಾದವು. ವೆಂಡಲ್ ಬಸ್ಸನ್ನು ಊರ ಕಡೆ ತಿರುಗಿಸಿ, ಗಡಿಯಾಚೆ ಟ್ಯಾಮ್ಸನ್ ಮೇಲೆ ಹಾದುಹೋಗುವ ದಾರಿ ಹಿಡಿದ. ಬಸವನ ಹುಳುವಿನಂತೆ ಬಸ್ಸು ಗುಡ್ಡಗಳ ಮೇಲೆ ತೆವಳಿತು. ಟ್ಯಾಮ್ಸನ್ ಹತ್ತಿರ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಮುಂದೆ ಗೋಧಿಯ ಲಾರಿಯೊಂದು ಜಾರಿ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಬೆಳಗಾಗುವ ತನಕ ದಾರಿ ಬಂದ್.

"ಕೋಚ್, ಟ್ಯಾಮ್ಸನ್‌ನಲ್ಲೇ ಉಳೀಬೇಕು" ಎಂದ ವೆಂಡಲ್.

"ಬೇರೆ ಯಾವ ಊರೂ ಇಲ್ವೇನೋ?"

"ಹೊಸದಾಗಿ ಒಂದು ಊರು ಕಟ್ಬೇಕು. ಆಳು ಇದಾರೆ, ಸುತ್ತಿಗೆ ಇಲ್ಲ."

ಟ್ಯಾಮ್ಸನ್ ಕಾಲೇಜಿನ ಜಿಮ್ಮಿನ ಮುಂದೆ ಪಿಕಪ್ ಗಾಡಿಗಳು ಜಾತ್ರೆಗೆ ಬಂದಂತೆ ನಿಂತಿದ್ದವು. ಒಳಗಿನಿಂದ ಬ್ಯಾಂಡಿನ ಸದ್ದು. ಮೆಟ್ಟಿಲ ಮೇಲೆ ದಪ್ಪ ಕೋಟು ತೊಟ್ಟ ಹೆಂಗಸೊಬ್ಬಳು ಬಕೆಟ್ಟಿನಿಂದ ಉಪ್ಪು ತೆಗೆದು, ಕರಗಲೆಂದು ಐಸಿನ ಮೇಲೆ ಎರಚುತ್ತಿದ್ದಳು. ಬಸ್ಸಿನ ಮೇಲಿನ ಹೆಸರು ಓದಿ ಅವಳ ಕೈ ನಿಂತಿತು. ರೊಸಾಲ್ಬಾ.

ಗ್ಲೆನಾ ಬಸ್ಸಿನಿಂದಿಳಿದು ಹುಷಾರಾಗಿ ಹೆಜ್ಜೆಯಿಟ್ಟಳು. ಆದರೂ ಕಾಲು ಜಾರಿ ಧೊಪ್ಪೆಂದು ಕೂತುಬಿಟ್ಟಳು.

"ಇಷ್ಟೊಂದು ಬಗ್ಗಿ ನಮಸ್ಕಾರ ಮಾಡೋದೇನೂ ಬೇಡಿತ್ತು" ಎಂದಳು ರೊಸಾಲ್ಬಾ.

"ಉಪ್ಪು ಸರಿಯಾಗಿ ಹಾಕೋಕೂ ಬರಲ್ವಲ್ಲೇ ನಿಂಗೆ."

"ನಿಮ್ಮಂಥೋರು ಬರ್ತೀರ ಅಂತ ಗೊತ್ತಿದ್ರೆ ಎಣ್ಣೆ ಹಾಕ್ತಿದ್ದೆ." ಹೇಳುತ್ತಲೇ ಕೈಕೊಟ್ಟು ಎಬ್ಬಿಸಿದಳು. ಬಸ್ಸಿನ ಕಿಟಕಿಗಳಿಗೆ ಅಂಟಿಕೊಂಡಿದ್ದ ಹುಡುಗಿಯರ ಮುಖಗಳನ್ನು ನೋಡಿ ದನಿ ಮೆತ್ತಗಾಯಿತು. "ಮಕ್ಕಳು ಊಟ ಮಾಡಿದಾರಾ? ಒಳಗೆ ಕರ್ಕೊಂಡು ಬಾ. ಮಸೂರ ಬೇಳೆ ಸೂಪ್ ಕೊಪ್ಪರಿಗೆಗಟ್ಟಲೆ ಇದೆ."

ಅಂದು ಟ್ಯಾಮ್ಸನ್‌ನಲ್ಲಿ ಕೊನೇ ವರ್ಷದ ಹುಡುಗಿಯರ ಬೀಳ್ಕೊಡುಗೆ ಮ್ಯಾಚು. ಊರಿಗೆ ಊರೇ ಬಂದು ಕೂತಿತ್ತು. ಆದರೆ ಎದುರಾಳಿ ತಂಡ ಮೊಂಟಾನಾದ ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿ ಹಿಂದಿರುಗಿತ್ತು. ಬಂದ ಜನರನ್ನು ಹಾಗೇ ಕಳಿಸಲಾರದೆ ಬ್ಯಾಂಡಿನವರು ಗೊತ್ತಿದ್ದ ಹಾಡನ್ನೆಲ್ಲ ನುಡಿಸಿ ಮುಗಿಸಿ, ಮೊದಲನೆಯದರಿಂದ ಮತ್ತೆ ಶುರುಮಾಡಿದ್ದರು.

ಹಾರ್ಲೊ ಹುಡುಗಿಯರು ಹಸಿರು ಜಾಕೆಟ್ಟು ತೊಟ್ಟು ಒಳಗೆ ಕಾಲಿಟ್ಟದ್ದೇ ತಡ, ಇಡೀ ಜಿಮ್ಮು "ಊಊಊ" ಎಂದು ಹೂಂಕರಿಸಿತು. ಮೇಲಿನ ಸಾಲಿನಿಂದ ಮುದಿ ಕಂಠವೊಂದು ಎಲ್ಲವನ್ನೂ ಮೀರಿ ಬಂತು: "ಗ್ಲೆನಾ ಓವರ್ಬಿ! ಇನ್ನೂ ರಿಟೈರ್ ಆಗಿಲ್ವಾ? ನಿನ್ನ ಸರ್ವ್ ಥರಾನೇ ಕಣಮ್ಮ ನೀನು, ಎಲ್ಲಿಗೆ ಹೋಗ್ತೀಯೋ ನಿಂಗೇ ಗೊತ್ತಿಲ್ಲ!"

ಅದು ಕ್ಲೀಟಸ್ ಬ್ರಾಂಟ್. ಟ್ಯಾಮ್ಸನ್‌ನಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ಗ್ಲೆನಾ ಹದಿನೆಂಟರ ಹುಡುಗಿಯಾಗಿ ಇಲ್ಲಿ ಮೊದಲ ಸಲ ಆಡಿದ ದಿನದಿಂದ ಅವಳನ್ನು ಹೆಸರು ಹಿಡಿದು ಹೀಯಾಳಿಸುವುದನ್ನು ವ್ರತದಂತೆ ಪಾಲಿಸಿಕೊಂಡು ಬಂದವನು. ಗ್ಲೆನಾ ತಲೆಯೆತ್ತಿ ನೋಡಿದಳು. ಮೂಡಣದಲ್ಲಿ ಇಷ್ಟು ತಿಂಗಳು ಇಲ್ಲದೆ ಕೊರೆದದ್ದು ಏನೆಂದು ಆಗ ಹೊಳೆಯಿತು. ಅಲ್ಲಿ ಯಾರೂ ಅವಳನ್ನು ಬೈದೇ ಇರಲಿಲ್ಲ. ಬೈಯುವಷ್ಟು ಗುರುತು ಯಾರಿಗಿತ್ತು?

"ಕ್ಲೀಟಸ್," ಎಂದು ಅವಳೂ ಕೂಗಿದಳು, "ನೀನಿನ್ನೂ ಬದುಕಿದೀಯಾ? ಸ್ಪೊಕೇನ್ ತನಕ ಹೋಗಿ ವಿಚಾರಿಸ್ಕೊಂಡು ಬಂದೆ, ಯಾರೂ ಹೇಳ್ಲಿಲ್ಲ!"

ಜಿಮ್ಮು ನಗೆಯಲ್ಲಿ ತೇಲಿಹೋಯಿತು.

ಸೂಪು ಕುಡಿದ ಮೇಲೆ ಆಡೋಣವೆಂದು ಕೋಚುಗಳಿಬ್ಬರೂ ಬಾಯಿಬಿಡಲಿಲ್ಲ. ಕೇಳುವವಳು ಮೊದಲು ಸೋತಂತೆ ಎಂದು ಇಬ್ಬರಿಗೂ ಬಿಗುಮಾನ. ಹುಡುಗಿಯರಿಗೆ ಅದೆಲ್ಲಿಯದು? ಮ್ಯಾರಿಟ್ ಮತ್ತು ಟ್ಯಾಮ್ಸನ್ ತಂಡದ ಜೂನಾ ಒಂದೇ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಇಬ್ಬರೂ ಕಾಲುಚೀಲದಲ್ಲೇ ಅಂಗಳಕ್ಕಿಳಿದು ಚೆಂಡನ್ನು ಆಚೆಗೀಚೆಗೆ ಹೊಡೆಯತೊಡಗಿದರು. ಇನ್ನೊಬ್ಬಳು ಸೇರಿದಳು, ಮತ್ತೊಬ್ಬಳು ಸೇರಿದಳು. ಜನ ಕಾಲು ಬಡಿಯಲು ಶುರುಮಾಡಿದರು. ಹಲಗೆಯ ಮೆಟ್ಟಿಲುಗಳು ಗುಡುಗಿದವು.

ರೊಸಾಲ್ಬಾ ಓರೆಗಣ್ಣಿನಲ್ಲಿ ನೋಡಿದಳು. "ನಿನ್ನ ದೊಡ್ಡ ಮನೆಯವರು ಬೈಯಲ್ವಾ?"

"ಕೇಳ್ತೀನಿ ತಾಳು" ಎಂದು ಗ್ಲೆನಾ ಪ್ರೆಂಟಿಸ್‌ಗೆ ಫೋನು ಹಚ್ಚಿದಳು. ಅವನು ದೂರದ ಡಲ್ಲಾಸ್‌ನಲ್ಲಿ ಮೂಡಣ ಕೂಟದ ಸಭೆಯಲ್ಲಿದ್ದ.

"ಟ್ಯಾಮ್ಸನ್ ಜೊತೆನಾ? ಬೇಡ, ಬೇಡ!" ಎಂದು ಅವನು ಪಿಸುಗುಟ್ಟಿದ. "ನಾವು ಬಿಟ್ಟು ಬಂದ ಕೂಟದವರ ಕೈಲಿ ಸೋತ್ರೆ ಇಲ್ಲಿ ನನ್ನ ಮುಖ ಎಲ್ಲಿ ಇಡ್ಲಿ? ಅಲ್ಲಿ ಕ್ಯಾಮೆರಾ ಏನಾದ್ರೂ ಇದೆಯಾ?"

"ಒಂದೂ ಇಲ್ಲ."

"ಲೆಕ್ಕಕ್ಕೆ ಬರುತ್ತಾ?"

"ಬರಲ್ಲ. ಬರೀ ಆಟ."

"ಮತ್ತೆ ಯಾಕೆ ಆಡ್ತೀಯ ಮಾರಾಯ್ತಿ?"

ಗ್ಲೆನಾ ಫೋನನ್ನು ಎತ್ತಿ ಹಿಡಿದಳು. ಬ್ಯಾಂಡು, ಕಾಲು ಬಡಿತ, ಕ್ಲೀಟಸ್‌ನ ಕಿರುಚು ಎಲ್ಲವೂ ಅದರೊಳಗೆ ಸುರಿದವು. ಆಮೇಲೆ ಮತ್ತೆ ಕಿವಿಗಿಟ್ಟುಕೊಂಡಳು.

"ಅದು ಕ್ಲೀಟಸ್ ಅಲ್ವಾ?" ಎಂದ ಪ್ರೆಂಟಿಸ್. "ನಾನು ಎಂಟು ವರ್ಷದೋನಿದ್ದಾಗ ನನ್ನ ಮೇಲೆ ಪಾಪ್‌ಕಾರ್ನ್ ಎಸ್ದಿದ್ದ ಆ ಮುದುಕ."

"ಅವನೇ."

"ಗ್ಲೆನಾ..." ದನಿ ಬದಲಾಗಿತ್ತು. "ಆಡೋದಾದ್ರೆ ಗೆಲ್ಲು. ಮತ್ತೆ ಫೋನು ಕಟ್ ಮಾಡ್ಬೇಡ. ಎಲ್ಲಾದ್ರೂ ಬೆಂಚಿನ ಮೇಲಿಡು."

ಆ ಸಂಜೆಯ ಆಟವನ್ನು ಕಂಡವರು ಇವತ್ತಿಗೂ ಅದರ ಸುದ್ದಿ ತೆಗೆದರೆ ಕೈಯಲ್ಲಿನ ಕಾಫಿ ಆರಿಹೋಗುವುದನ್ನೂ ಮರೆಯುತ್ತಾರೆ. ಮೊದಲ ಸೆಟ್ಟು ಹಾರ್ಲೊಗೆ. ಮೂಡಣದ ದೈತ್ಯರ ಜೊತೆ ಆಡಿ ಆಡಿ ಹುಡುಗಿಯರ ಕೈ ಪಳಗಿತ್ತು; ಮ್ಯಾರಿಟ್ ಎಗರಿ ಹೊಡೆದರೆ ಚೆಂಡು ನೆಲಕ್ಕೆ ಬಿದ್ದದ್ದು ಮಾತ್ರ ಕಾಣುತ್ತಿತ್ತು. ಎರಡನೆಯದು ಟ್ಯಾಮ್ಸನ್‌ಗೆ. ಅವರಿಗೆ ಎತ್ತರವಿಲ್ಲ, ಆದರೆ ನೆಲಕ್ಕೆ ಚೆಂಡು ಬೀಳಲು ಬಿಡರು. ಬೆಕ್ಕಿನ ಮರಿಗಳಂತೆ ಎಲ್ಲೆಂದರಲ್ಲಿ ಉರುಳಿ ಎತ್ತುತ್ತಿದ್ದರು. ಅಂಪೈರಿನ ಕೆಲಸಕ್ಕೆ ಯಾರೂ ಸಿಗದೆ ವೆಂಡಲ್ ಒಂದು ಬದಿಗೆ, ಟ್ಯಾಮ್ಸನ್‌ನ ಪಾದ್ರಿ ಇನ್ನೊಂದು ಬದಿಗೆ ನಿಂತಿದ್ದರು. ವೆಂಡಲ್ ಒಮ್ಮೆ ಹಾರ್ಲೊ ಹೊಡೆತವನ್ನು ಗೆರೆಯಾಚೆ ಎಂದಾಗ ಗ್ಲೆನಾ ಸಿಡಿದೆದ್ದಳು.

"ನಿಂಗೆ ಸಂಬಳ ಕೊಡೋರು ಯಾರೋ?"

"ಕೋಚ್, ಪಾದ್ರಿಗಳು ನೋಡ್ತಿದಾರೆ. ಸುಳ್ಳು ಹೇಳೋಕೆ ಆಗಲ್ಲ."

ಗ್ಲೆನಾಳ ದನಿ ಒಡೆಯಿತು, ಕೂದಲು ಕೆದರಿತು, ಸ್ವೆಟರಿನ ತೋಳು ಮೇಲೇರಿತು. ಬೆಂಚಿನ ಕೊನೆಯಲ್ಲಿ ಕೂತ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ "ಕೋಚ್ ಬೈತಿದಾರೆ ಕಣೇ, ಎಷ್ಟು ದಿನ ಆಗಿತ್ತು!" ಎಂದದ್ದು ಅವಳಿಗೂ ಕೇಳಿಸಿತು.

ಮೂರನೆಯದು, ನಾಲ್ಕನೆಯದು ಆಚೆಗೊಂದು ಈಚೆಗೊಂದು ಹಂಚಿಹೋದವು. ಕೊನೆಯ, ಐದನೆಯ ಸೆಟ್ಟಿನಲ್ಲೂ ಎರಡೂ ಕಡೆ ಸರಿಸಮ. ಬ್ಯಾಂಡಿನವರು ನುಡಿಸುವುದನ್ನೇ ಮರೆತಿದ್ದರು. ಕೊನೆಗೆ ಜೂನಾ ಸರ್ವ್ ಮಾಡಿದ ಚೆಂಡು ನೆಟ್ಟಿನ ಮೇಲಂಚಿಗೆ ತಾಗಿ, ಒಂದು ಕ್ಷಣ ಅಲ್ಲೇ ಕೂತು ಯೋಚಿಸಿ, ಹಾರ್ಲೊ ಕಡೆಗೆ ಉದುರಿತು. ಮ್ಯಾರಿಟ್ ಉದ್ದಕ್ಕೆ ಚಾಚಿ ಬಿದ್ದಳು, ಚೆಂಡು ಬೆರಳ ತುದಿಗೆ ಸಿಕ್ಕಿ ಜಾರಿತು.

ಟ್ಯಾಮ್ಸನ್ ಗೆದ್ದಿತ್ತು. ಛಾವಣಿ ಹಾರಿಹೋಗುವುದೊಂದು ಬಾಕಿ. ಕೆಳಗೆ ಬಿದ್ದಲ್ಲಿಂದಲೇ ಮ್ಯಾರಿಟ್ ನಗುತ್ತಿದ್ದಳು. ಜೂನಾ ನೆಟ್ಟಿನಡಿ ನುಸುಳಿ ಬಂದು ಅವಳ ಪಕ್ಕದಲ್ಲೇ ಅಂಗಾತ ಬಿದ್ದುಕೊಂಡಳು. ಗ್ಲೆನಾಳಿಗೆ ಮೈಯೆಲ್ಲ ಉರಿ. ಆ ಒಂದು ಚೆಂಡು, ಆ ದರಿದ್ರ ಚೆಂಡು! ಹಲ್ಲು ಕಚ್ಚಿ ರೊಸಾಲ್ಬಾಳ ಕೈ ಕುಲುಕಿದಳು. ಎಷ್ಟೋ ತಿಂಗಳ ಮೇಲೆ ಸೋಲು ಸೋಲಿನಂತೆ ಉರಿಯುತ್ತಿದೆಯಲ್ಲ ಎಂದು ಒಳಗೊಳಗೇ ಎಂಥದೋ ಹಿಗ್ಗು.

ಬೆಂಚಿನ ಮೇಲಿನ ಫೋನು "ಏನಾಯ್ತು? ಯಾರಾದ್ರೂ ಹೇಳ್ರೋ! ಏನಾಯ್ತು?" ಎಂದು ಚೀರುತ್ತಿತ್ತು.

ಹುಡುಗಿಯರನ್ನು ಟ್ಯಾಮ್ಸನ್‌ನ ಮನೆಯವರು ಇಬ್ಬಿಬ್ಬರಂತೆ ಹಂಚಿಕೊಂಡು ಕರೆದೊಯ್ದರು. ಗ್ಲೆನಾ ರೊಸಾಲ್ಬಾಳ ಅಡುಗೆಮನೆಯಲ್ಲಿ ಕಾಲು ನೀಡಿ ಕೂತಳು. ರೊಸಾಲ್ಬಾ ತಮಾಲೆ ಬಿಸಿಮಾಡಿ ತಟ್ಟೆಗಿಟ್ಟಳು. ಜೋಳದ ಹಿಟ್ಟಿನೊಳಗೆ ಖಾರದ ಮಾಂಸ, ಸಿಪ್ಪೆ ಬಿಡಿಸಿದರೆ ಹಬೆ.

"ನೀವು ಹೋದ ದಿನ ನಾನು ಅತ್ತುಬಿಟ್ಟೆ ಕಣೇ" ಎಂದಳು ಬೆನ್ನು ತಿರುಗಿಸಿಕೊಂಡೇ. "ನೀನು ಇಲ್ಲ ಅಂತಲ್ಲ. ಇನ್ಮೇಲೆ ಯಾರನ್ನ ಸೋಲಿಸಿದ್ರೆ ನಂಗೆ ಅಷ್ಟು ಖುಷಿಯಾಗುತ್ತೆ ಅಂತ."

"ನಾನು ಈ ವರ್ಷಕ್ಕೇ ಕೆಲಸ ಬಿಡೋಣ ಅಂತಿದ್ದೆ."

ರೊಸಾಲ್ಬಾ ಸೌಟು ಹಿಡಿದು ತಿರುಗಿದಳು. "ಸೋತು ಬಿಟ್ಟು ಹೋಗ್ತೀಯಾ? ಕ್ಲೀಟಸ್ ಸಾಯೋ ತನಕ ಆಡ್ಕೋತಾನೆ. ಅವನು ಸದ್ಯಕ್ಕೆ ಸಾಯೋ ಹಾಗೂ ಕಾಣಲ್ಲ."

"ಅದಕ್ಕೇ ಬಿಡಲ್ಲ ಅಂತ ಈಗ ತಾನೇ ತೀರ್ಮಾನ ಮಾಡ್ದೆ. ಇನ್ನೊಂದು ತಮಾಲೆ ಹಾಕು."

ಸೋಮವಾರ ಪ್ರೆಂಟಿಸ್ ಕರೆಸಿದಾಗ, ಬೈಸಿಕೊಳ್ಳುವ ಸಿದ್ಧತೆಯಲ್ಲೇ ಗ್ಲೆನಾ ಅವನ ಕೋಣೆಗೆ ಹೋದಳು. ಅವನು ಕುರ್ಚಿ ಎಳೆದು ಹಾಕಿದ.

"ನೆಟ್ಟಿಗೆ ತಾಗಿ ಬಿತ್ತಂತೆ?"

"ತಾಗಿ ಬಿತ್ತು."

"ಥೂ!" ಎಂದು ಮೇಜು ಗುದ್ದಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಡಲ್ಲಾಸ್‌ನಲ್ಲಿ ನಾನು ಸಭೆ ಬಿಟ್ಟು ಹಜಾರದಲ್ಲಿ ಕೂತು ಫೋನ್ ಕೇಳ್ತಿದ್ದೆ. ಕೂಟದ ದೊಡ್ಡವರೊಬ್ರು ಬಂದು, ಯಾವ ಚಾನೆಲ್ಲು, ನಂಗೂ ಹೇಳು ಅಂದ್ರು. ಅವರೂ ಪಕ್ಕ ಕೂತ್ರು. ಮೂರನೇ ಸೆಟ್ಟಿನ ಹೊತ್ತಿಗೆ ಆರು ಜನ ಆಗಿದ್ವಿ. ನಮ್ಮ ಫುಟ್‌ಬಾಲ್ ಟಿವಿಲಿ ಬಂದಾಗಲೂ ನಾನು ಹಾಗೆ ಬೆವೆತಿಲ್ಲ." ಕಿಟಕಿಯಾಚೆ ನೋಡಿದ. "ಮೂಡಣ ಕೂಟ ಬಿಡೋಕಾಗಲ್ಲ ಗ್ಲೆನಾ. ಆ ದುಡ್ಡು ಬರದೆ ಇದ್ರೆ ಈಜು ತಂಡ, ಓಟದ ತಂಡ ಎರಡೂ ಮುಚ್ಚಬೇಕಾಗುತ್ತೆ. ಆದ್ರೆ ಕೂಟದ ಆಟ ಶುರುವಾಗೋಕೆ ಮುಂಚೆ, ಸೆಪ್ಟೆಂಬರಲ್ಲಿ ಒಂದು ದಿನ ನಮ್ಮದು. ರೊಸಾಲ್ಬಾನ ಕೇಳು. ಪ್ರತಿ ವರ್ಷ."

"ನಾನ್ಯಾಕೆ ಕೇಳ್ಲಿ? ಅವಳೇ ಕೇಳ್ಲಿ."

"ಗ್ಲೆನಾ!"

"ಸರಿ, ಕೇಳ್ತೀನಿ."

ಮೂಡಣದ ಓಡಾಟ ತಪ್ಪಲಿಲ್ಲ. ಹುಡುಗಿಯರು ಈಗಲೂ ವಿಮಾನ ನಿಲ್ದಾಣದ ನೆಲದ ಮೇಲೆ ಪರೀಕ್ಷೆ ಬರೆಯುತ್ತಾರೆ. ನ್ಯೂಜೆರ್ಸಿಯ ಮೈಕಿನವನು ಈಗ ಹಾರ್ಲೊವನ್ನು ಒಹಾಯೊ ಬಿಡಿಸಿ ಪಕ್ಕದ ರಾಜ್ಯವಾದ ಒರೆಗಾನ್‌ವರೆಗಾದರೂ ತಂದು ನಿಲ್ಲಿಸಿದ್ದಾನೆ. ಆದರೆ ಮುಂದಿನ ಸೆಪ್ಟೆಂಬರಿನ ಆ ಶನಿವಾರಕ್ಕೆ ಎರಡೂ ಊರು ತಿಂಗಳ ಮೊದಲೇ ಕಾದು ಕೂತಿದ್ದವು. ಆಟ ಈ ಸಲ ಹಾರ್ಲೊದ ಹೊಸ ನೆಲದ ಮೇಲೆ. ಸುದ್ದಿ ಹೇಗೋ ಹರಡಿ ಟಿವಿಯವರಿಂದಲೂ ಫೋನು ಬಂತು. ಕ್ಯಾಮೆರಾ ತರುತ್ತೇವೆ, ಆದರೆ ಮೂಡಣದ ಗಡಿಯಾರ ನಿಮ್ಮದಕ್ಕಿಂತ ಮೂರು ಗಂಟೆ ಮುಂದೆ, ಅಲ್ಲಿನವರು ಊಟ ಮುಗಿಸಿ ಕೂರುವ ಹೊತ್ತಿಗೆ ಸರಿಯಾಗಬೇಕು, ಆಟವನ್ನು ಮಟಮಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ ಎಂದರು. ಗ್ಲೆನಾ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಪಕ್ಕದಲ್ಲಿ ರೊಸಾಲ್ಬಾ ಕೂತಿದ್ದಳು.

"ಆಗಲ್ಲಪ್ಪ, ಮಧ್ಯಾಹ್ನ ಎಲ್ಲಾರೂ ಬಿತ್ತನೆಗೆ ಹೋಗಿರ್ತಾರೆ" ಎಂದಳು ಗ್ಲೆನಾ.

"ಹೊತ್ತು ಮುಳುಗಿದ ಮೇಲೇ ನಮ್ಮ ಆಟ" ಎಂದಳು ರೊಸಾಲ್ಬಾ.

"ಬೇಕಾದ್ರೆ ನೀವೇ ಬಂದು ನೋಡಿ. ಮುಂಚೆ ಬಂದ್ರೆ ಜಾಗ ಸಿಗುತ್ತೆ" ಎಂದಳು ಗ್ಲೆನಾ.

ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಅದು ಗೊತ್ತಾಗುತ್ತಲೇ ಇಬ್ಬರಿಗೂ ಮುಜುಗರವಾಗಿ, ಅಂಪೈರು ಯಾವ ಊರಿನವನಿರಬೇಕೆಂಬ ವಿಷಯಕ್ಕೆ ಜಗಳ ತೆಗೆದರು.